ಡಂಕರ್ಕ್ ಬಂದರಿನ ಬಾಯಿ ಕಟ್ಟಲು ಯಾಕೆ ಆಗಲಿಲ್ಲ?

ಪ್ರಶ್ನೆ: ಫ್ರಾನ್ಸಿನ ಉತ್ತರ ಕರಾವಳಿಯ ಡಂಕರ್ಕ್ ಅಂದರೆ ನಮಗೆ ನೆನಪಾಗುವುದು 1940ರ ಎರಡನೇ ಮಹಾಯುದ್ಧ. ಆದರೆ 17ನೇ ಶತಮಾನದಲ್ಲೇ ಆ ಊರಿಗೆ ಮೇಲಿಂದ ಮೇಲೆ ಮುತ್ತಿಗೆ ಬಿದ್ದಿತ್ತು, ಅಲ್ಲಿಂದ ಹೊರಡುತ್ತಿದ್ದ ಕಡಲ್ಗಳ್ಳರಿಗೆ ಹಾಲೆಂಡ್, ಇಂಗ್ಲೆಂಡ್ ಎರಡೂ ಹೆದರುತ್ತಿದ್ದವು ಎಂದು ಓದಿದೆ. ಅಷ್ಟು ದೊಡ್ಡ ನೌಕಾಪಡೆ ಇಟ್ಟುಕೊಂಡವರಿಗೆ ಒಂದು ಸಣ್ಣ ಬಂದರನ್ನು ಮುಚ್ಚಿಸಲು ಯಾಕೆ ಆಗಲಿಲ್ಲ? ಒಪ್ಪಂದ ಮಾಡಿ ಕೋಟೆ ಕೆಡವಿಸಿದ ಮೇಲೂ ಅದು ಹೇಗೆ ಮತ್ತೆ ಎದ್ದಿತು?

ಉತ್ತರ: ಡಂಕರ್ಕ್‌ನ ಕಥೆಯನ್ನು ಕೋಟೆಗೋಡೆಯ ಕಡೆಯಿಂದ ಓದಲು ಹೊರಟರೆ ಅರ್ಧವೂ ಅರ್ಥವಾಗುವುದಿಲ್ಲ. ಮರಳ ದಿಣ್ಣೆ, ಉಬ್ಬರವಿಳಿತ, ತೂಬು, ಈ ಮೂರನ್ನು ಹಿಡಿದು ಓದಿದರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗುತ್ತದೆ.

ಮೊದಲು ‘ಕಡಲ್ಗಳ್ಳರು’ ಎಂಬ ಮಾತನ್ನು ಸ್ವಲ್ಪ ಸರಿಮಾಡಿಕೊಳ್ಳೋಣ. ಡಂಕರ್ಕ್‌ನಿಂದ ಹೊರಡುತ್ತಿದ್ದವರ ಕೈಯಲ್ಲಿ ರಾಜನ ಪರವಾನಗಿ ಇರುತ್ತಿತ್ತು. ಯುದ್ಧ ನಡೆದಿರುವಾಗ ಶತ್ರುದೇಶದ ಹಡಗನ್ನು ಹಿಡಿದು ತಂದು, ನ್ಯಾಯಾಲಯದ ಮುಂದೆ ಇಟ್ಟು, ಹರಾಜು ಹಾಕಿ ದುಡ್ಡು ಹಂಚಿಕೊಳ್ಳುವ ಹಕ್ಕನ್ನು ಆ ಕಾಗದ ಕೊಡುತ್ತಿತ್ತು. ಹಡಗು ಖಾಸಗಿಯವರದ್ದು, ಬಂಡವಾಳ ಊರಿನ ವರ್ತಕರದ್ದು, ಅನುಮತಿ ಮಾತ್ರ ರಾಜನದ್ದು. 1583ರಲ್ಲಿ ಸ್ಪೇನಿನ ಸೇನಾಪತಿ, ಪಾರ್ಮಾದ ಅಲೆಸ್ಸಾಂಡ್ರೋ ಫಾರ್ನೀಸ್ ಊರನ್ನು ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದಿದ್ದ ಡಚ್ ಬಂಡಾಯಗಾರರಿಂದ ಸ್ಪೇನಿಗೆ ಗೆದ್ದುಕೊಟ್ಟ ಮೇಲೆ ಈ ವ್ಯವಹಾರ ಬೇರುಬಿಟ್ಟಿತು. ಡಚ್ಚರ ಹೆರಿಂಗ್ ಮೀನಿನ ದೋಣಿಗಳೇ ದೊಡ್ಡ ಬೇಟೆ. 1635ರ ಆಗಸ್ಟ್‌ನಲ್ಲಿ ಡಂಕರ್ಕ್‌ನ ನೌಕಾಧಿಪತಿ ಯಾಕಬ್ ಕೊಲಾರ್ಟ್ ಡಚ್ ಪಹರೆ ದಾಟಿ ಹೊರಬಿದ್ದು, ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಮೀನುಗಾರಿಕೆ ಹಡಗುಗಳನ್ನು ನಾಶಮಾಡಿದ. ಡಚ್ಚರು ಇವರನ್ನು ಯುದ್ಧಕೈದಿಗಳೆಂದು ಒಪ್ಪಲೇ ಇಲ್ಲ. ಸಿಕ್ಕವರನ್ನು ಸಮುದ್ರಕ್ಕೆ ತಳ್ಳಿ ಮುಳುಗಿಸಬೇಕೆಂದು ತಮ್ಮ ಕಪ್ತಾನರಿಗೆ ಆಜ್ಞೆ ಮಾಡಿದ್ದರು. ಪರವಾನಗಿಯ ಕಾಗದಕ್ಕೆ ಎದುರಾಳಿ ಬೆಲೆ ಕೊಟ್ಟರಷ್ಟೇ ಅದಕ್ಕೆ ಬೆಲೆ ಎಂಬುದನ್ನು ಇಲ್ಲಿ ಮರೆಯಬಾರದು.

ಈಗ ಸಮುದ್ರದ ಕಡೆ ನೋಡೋಣ. ಫ್ಲಾಂಡರ್ಸ್ ಕರಾವಳಿಯುದ್ದಕ್ಕೂ ನೀರಿನೊಳಗೆ ಮರಳ ದಿಣ್ಣೆಗಳು ದಡಕ್ಕೆ ಸಮಾನಾಂತರವಾಗಿ ಸಾಲುಗಟ್ಟಿ ಮಲಗಿವೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು 5 ಮೀಟರ್ ವ್ಯತ್ಯಾಸ. ದಿಣ್ಣೆಗಳ ನಡುವೆ ಹಡಗು ಹೋಗುವ ದಾರಿ ಒಂದಲ್ಲ, ಹಲವು, ಮತ್ತು ಮರಳು ಸರಿದಂತೆ ಆ ದಾರಿಗಳೂ ಸರಿಯುತ್ತವೆ. ಪಹರೆಗೆ ನಿಂತ ಭಾರೀ ಯುದ್ಧನೌಕೆಯ ತಳ ಆಳಕ್ಕಿಳಿದಿರುತ್ತದೆ. ಅದು ದಿಣ್ಣೆಯ ಆಚೆಗೇ ಉಳಿಯಬೇಕು. ಡಂಕರ್ಕ್‌ನವರು ಕಟ್ಟಿದ್ದೋ, ಉದ್ದಕ್ಕೂ ಕಿರಿದಾದ, ತಗ್ಗು ಮೈಯ, ಕಡಿಮೆ ನೀರಿನಲ್ಲೂ ತೇಲುವ ಹಡಗು. ‘ಫ್ರಿಗೇಟ್’ ಎಂದು ಮುಂದೆ ಹೆಸರಾದ ಯುದ್ಧನೌಕೆಗೆ ದಾರಿ ತೋರಿಸಿದವುಗಳಲ್ಲಿ ಇದೂ ಒಂದು. ಇಂಗ್ಲಿಷರು ಸೆರೆಹಿಡಿದ ಡಂಕರ್ಕ್ ಹಡಗುಗಳನ್ನು ತಾವೇ ಬಳಸಿ, ಆ ಮಾದರಿಯಿಂದ ಕಲಿತರು.

ಹೊರಡುವ ಲೆಕ್ಕ ಹೀಗೆ: ಕತ್ತಲ ರಾತ್ರಿ, ಏರಿದ ಉಬ್ಬರ, ದಡದಿಂದ ಬೀಸುವ ಗಾಳಿ. ಮೂರೂ ಕೂಡಿಬಂದ ರಾತ್ರಿ ಐದಾರು ಹಡಗು ಒಟ್ಟಿಗೆ ಬೇರೆ ಬೇರೆ ದಾರಿ ಹಿಡಿದರೆ, ಪಹರೆಯವನು ಒಂದನ್ನು ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ಉಳಿದವು ತಪ್ಪಿಸಿಕೊಳ್ಳುತ್ತಿದ್ದವು. ಇನ್ನು ಸಮುದ್ರದಿಂದ ದಡಕ್ಕೆ ಬಿರುಗಾಳಿ ಎದ್ದರೆ ಪಹರೆಯ ಹಡಗುಗಳೇ ಮರಳಿಗೆ ಬಡಿಯುವ ಭಯದಿಂದ ದೂರ ಸರಿಯಬೇಕು. ಗಾಳಿ ತಿರುಗಿದ ಮೊದಲ ಗಳಿಗೆಯಲ್ಲಿ ಬಂದರಿನ ಬಾಯಲ್ಲಿ ಯಾರೂ ಇರುತ್ತಿರಲಿಲ್ಲ. ಡಚ್ ನೌಕಾಪಡೆ ದಶಕಗಳ ಕಾಲ ಇಲ್ಲಿ ಪಹರೆ ನಿಂತರೂ ಸೋರಿಕೆ ನಿಲ್ಲಲಿಲ್ಲ. 1629ರಲ್ಲಿ ಅವರ ಹೆಸರಾಂತ ನೌಕಾಧಿಪತಿ ಪೀಟ್ ಹೈನ್ ಸತ್ತದ್ದೂ ಈ ಕರಾವಳಿಯ ದಾಳಿಹಡಗುಗಳೊಂದಿಗಿನ ಕಾದಾಟದಲ್ಲೇ.

ಹಾಗಾಗಿ ಬಂದರನ್ನು ನೆಲದ ಕಡೆಯಿಂದ ಹಿಡಿಯಬೇಕು. ಅದಕ್ಕೂ ಸಮುದ್ರ ಕೈಯಲ್ಲಿರಬೇಕು. ಈ ಎರಡನೆಯ ಮಾತನ್ನು ಮರೆತವರೆಲ್ಲ ಇಲ್ಲಿ ಸೋತರು. ಒಂದು ಮುತ್ತಿಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ, 1658ರದ್ದನ್ನೇ ತೆಗೆದುಕೊಳ್ಳೋಣ.

ಸ್ಪೇನಿನೊಂದಿಗೆ ಯುದ್ಧಕ್ಕಿಳಿದಿದ್ದ ಕ್ರಾಮ್‌ವೆಲ್‌ನ ಇಂಗ್ಲೆಂಡಿಗೆ ಡಂಕರ್ಕ್‌ನ ದಾಳಿಹಡಗುಗಳಿಂದ ವ್ಯಾಪಾರ ನಷ್ಟ ವಿಪರೀತವಾಗಿತ್ತು. 1657ರ ಮಾರ್ಚ್‌ನಲ್ಲಿ ಫ್ರಾನ್ಸ್ ಜತೆ ಒಪ್ಪಂದವಾಯಿತು: ಇಂಗ್ಲೆಂಡ್ 6,000 ಕಾಲಾಳು ಮತ್ತು ನೌಕಾಪಡೆ ಕೊಡಬೇಕು, ಗೆದ್ದರೆ ಡಂಕರ್ಕ್ ಮತ್ತು ಅದರ ಪಶ್ಚಿಮಕ್ಕಿದ್ದ ಮಾರ್ಡಿಕ್ ಕೋಟೆ ಇಂಗ್ಲೆಂಡಿಗೆ. ಮಾರ್ಡಿಕ್ ಮೊದಲು ಬಿತ್ತು. 1658ರ ಮೇ ಕೊನೆಯಲ್ಲಿ ಫ್ರೆಂಚ್ ಸೇನಾಪತಿ ಮಾರ್ಷಲ್ ಟ್ಯುರೆನ್ ಡಂಕರ್ಕ್‌ಗೆ ಮುತ್ತಿಗೆ ಹಾಕಿದ. ಒಳಗೆ ಸ್ಪೇನಿನ ಪರವಾಗಿ ಊರು ಕಾಯುತ್ತಿದ್ದ ಲೇಡೆಯ ಮಾರ್ಕ್ವಿಸ್ ಕೈಯಲ್ಲಿ ಸುಮಾರು 3,000 ಸೈನಿಕರು.

ಮಾರ್ಕ್ವಿಸ್ ಮಾಡಿದ ಮೊದಲ ಕೆಲಸ ತೂಬು ತೆರೆಸಿದ್ದು. ಡಂಕರ್ಕ್‌ನ ಹಿಂದಿನ ನೆಲ ಉಬ್ಬರದ ಮಟ್ಟಕ್ಕಿಂತ ತಗ್ಗು. ನಮ್ಮ ಕೆರೆಯ ತೂಬು ನೀರನ್ನು ಹೊಲಕ್ಕೆ ಬಿಟ್ಟರೆ, ಅಲ್ಲಿಯ ತೂಬಿನ ದಿನನಿತ್ಯದ ಕೆಲಸ ತಿರುಗುಮುರುಗು: ಇಳಿತದಲ್ಲಿ ತೆರೆದು ಹೊಲದ ನೀರನ್ನು ಸಮುದ್ರಕ್ಕೆ ಬಸಿಯುವುದು, ಉಬ್ಬರದಲ್ಲಿ ಮುಚ್ಚಿ ಸಮುದ್ರವನ್ನು ಹೊರಗಿಡುವುದು. ಉಬ್ಬರದಲ್ಲೇ ತೆರೆದುಬಿಟ್ಟರೆ ಊರಿನ ದಕ್ಷಿಣದ ಬಯಲೆಲ್ಲ ನೀರು. ಮುತ್ತಿಗೆಯವನಿಗೆ ಉಳಿಯುವುದು ದಡಕ್ಕೆ ಅಂಟಿದ ಮರಳಗುಡ್ಡೆಗಳ ಪಟ್ಟಿ ಮಾತ್ರ, ಊರಿನ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು.

ಆ ಪಟ್ಟಿಯಲ್ಲಿ ಕೆಲಸ ಮಾಡುವುದು ಸುಲಭವಲ್ಲ. ಮುತ್ತಿಗೆಯ ಸೈನ್ಯ ಎರಡು ಸಾಲು ಒಡ್ಡು ಕಟ್ಟಬೇಕು, ಊರಿನಿಂದ ನುಗ್ಗಿ ಬರುವವರ ವಿರುದ್ಧ ಒಳಮುಖವಾಗಿ ಒಂದು, ಕುಮ್ಮಕಿಗೆ ಬರುವ ಸೈನ್ಯದ ವಿರುದ್ಧ ಹೊರಮುಖವಾಗಿ ಇನ್ನೊಂದು. ಆಮೇಲೆ ಕೋಟೆಯ ಕಡೆಗೆ ಅಂಕುಡೊಂಕಾಗಿ ಕಂದಕ ತೋಡುತ್ತ ಸಾಗಬೇಕು. ನೇರವಾಗಿ ತೋಡಿದರೆ ಗೋಡೆಯ ಮೇಲಿನ ಒಂದೇ ಫಿರಂಗಿ ಅದರ ಉದ್ದಕ್ಕೂ ಗುಂಡು ಹಾಯಿಸುತ್ತದೆ. ಗಟ್ಟಿ ಮಣ್ಣಿನಲ್ಲಿ ಕಂದಕದ ಪಕ್ಕ ತಾನೇ ನಿಲ್ಲುತ್ತದೆ. ಮರಳಿನಲ್ಲಿ ಎರಡು ಸನಿಕೆ ತೆಗೆದರೆ ಒಂದೂವರೆ ಒಳಗೆ ಜಾರುತ್ತದೆ, ರಾತ್ರಿ ಗಾಳಿ ಬೀಸಿದರೆ ಉಳಿದದ್ದೂ ತುಂಬುತ್ತದೆ. ಸ್ವಲ್ಪ ಆಳಕ್ಕಿಳಿದರೆ ನೀರು. ಆದ್ದರಿಂದ ಕಡ್ಡಿಯ ಕಟ್ಟುಗಳನ್ನು ಪಕ್ಕಕ್ಕೆ ಜೋಡಿಸಬೇಕು, ಹೆಣೆದ ಬುಟ್ಟಿಗಳನ್ನು ಅಂಚಿನಲ್ಲಿ ನಿಲ್ಲಿಸಿ ಮರಳು ತುಂಬಬೇಕು, ಫಿರಂಗಿಯ ಗಾಲಿ ಹೂತುಹೋಗದಂತೆ ಹಲಗೆ ಹಾಸಬೇಕು. ಮರಳಗುಡ್ಡೆಗಳಲ್ಲಿ ಮರವಿಲ್ಲ, ಹುಲ್ಲೂ ಸಾಲದು. ಕಡ್ಡಿ, ಹಲಗೆ, ಕುದುರೆಯ ಮೇವು, ರೊಟ್ಟಿ, ಮದ್ದು, ಎಲ್ಲವೂ ಹೊರಗಿನಿಂದಲೇ ಬರಬೇಕು. ಬಯಲು ಮುಳುಗಿರುವಾಗ ಅದು ಬರುವ ದಾರಿ ಸಮುದ್ರ ಒಂದೇ. 1658ರಲ್ಲಿ ಎಡ್ವರ್ಡ್ ಮಾಂಟಗುವಿನ ಇಂಗ್ಲಿಷ್ ನೌಕಾಪಡೆ ಬಂದರಿನ ಬಾಯಿಗೆ ಅಡ್ಡ ನಿಂತಿದ್ದು ಒಂದು ಕೆಲಸವಾದರೆ, ಟ್ಯುರೆನ್‌ನ ಪಾಳೆಯಕ್ಕೆ ಸಾಮಾನು ಬರುವ ದಾರಿ ಕಾದಿದ್ದು ಅದಕ್ಕಿಂತ ದೊಡ್ಡ ಕೆಲಸ.

ಇನ್ನೊಂದು ತೊಡಕನ್ನು ನಕ್ಷೆ ನೋಡುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಡ್ಡಿನ ಸಾಲು ಉಬ್ಬರದ ಗೆರೆಯವರೆಗೆ ಬಂದು ನಿಲ್ಲುತ್ತದೆ. ಇಳಿತದಲ್ಲಿ ಅದರಾಚೆ ನೂರಾರು ಮೀಟರ್ ಅಗಲದ ಗಟ್ಟಿ ಮರಳು ಬಯಲಾಗುತ್ತದೆ, ಕುದುರೆಪಡೆ ನಾಗಾಲೋಟದಲ್ಲಿ ಹೋಗುವಷ್ಟು ಗಟ್ಟಿ. ದಿನಕ್ಕೆ ಎರಡು ಸಲ ತೆರೆಯುವ ಈ ಬಾಗಿಲಿಗೆ ಗೂಟ ಹೊಡೆದು ಕಾವಲಿಡದಿದ್ದರೆ ಒಡ್ಡು ಕಟ್ಟಿದ್ದೆಲ್ಲ ವ್ಯರ್ಥ.

ಜೂನ್ 14ರಂದು ಯುದ್ಧ ತೀರ್ಮಾನವಾದದ್ದು ಈ ಬಾಗಿಲಿನಲ್ಲೇ. ಸ್ಪೇನಿನ ಸೇನಾಪತಿ ಡಾನ್ ಹ್ವಾನ್ ಮತ್ತು ಆಗ ಸ್ಪೇನಿನ ಪಕ್ಷದಲ್ಲಿದ್ದ ಫ್ರೆಂಚ್ ರಾಜಕುಮಾರ ಕೊಂದೆ ಸುಮಾರು 15,000 ಜನರೊಂದಿಗೆ ಕುಮ್ಮಕಿಗೆ ಬಂದು ಪೂರ್ವದ ಮರಳಗುಡ್ಡೆಗಳಲ್ಲಿ ಬೀಡುಬಿಟ್ಟರು. ಅವಸರದಲ್ಲಿ ಬಂದಿದ್ದರಿಂದ ಫಿರಂಗಿಗಳು ಇನ್ನೂ ಹಿಂದೆಯೇ ಇದ್ದವು. ಟ್ಯುರೆನ್ ಒಡ್ಡಿನ ಹಿಂದೆ ಕಾಯುತ್ತ ಕೂರಲಿಲ್ಲ. ಒಂದಷ್ಟು ಜನರನ್ನು ಮುತ್ತಿಗೆಯಲ್ಲೇ ಬಿಟ್ಟು, ಉಳಿದವರೊಂದಿಗೆ ಎದುರಿಗೆ ನಡೆದ. ಹೊತ್ತು ಆರಿಸಿಕೊಂಡದ್ದು ನೀರು ಇಳಿಯುತ್ತಿದ್ದ ಸಮಯ. ಇಂಗ್ಲಿಷ್ ಕೆಂಪಂಗಿಯವರು ಸ್ಪೇನಿನ ಬಲಗಡೆಯ ಎತ್ತರದ ಮರಳಗುಡ್ಡೆಯನ್ನು ಕೈಕಾಲೂರಿ ಹತ್ತಿ ಹಿಡಿಯುತ್ತಿದ್ದಾಗ, ನೀರು ಹಿಂದೆ ಸರಿದು ಬಯಲಾದ ತೀರದಲ್ಲಿ ಫ್ರೆಂಚ್ ಕುದುರೆಪಡೆ ಅದೇ ಬಲಮಗ್ಗುಲನ್ನು ಸುತ್ತಿಕೊಂಡು ಹಿಂದಕ್ಕೆ ಬಂತು. ಸಮುದ್ರದಿಂದ ಇಂಗ್ಲಿಷ್ ಹಡಗುಗಳೂ ಗುಂಡು ಹಾರಿಸಿದವು. ಸುಮಾರು ಎರಡು ಗಂಟೆಯಲ್ಲಿ ಎಲ್ಲ ಮುಗಿಯಿತು. ಇಂಗ್ಲಿಷ್ ದಾಖಲೆಗಳಲ್ಲಿ ಈ ಯುದ್ಧದ ತಾರೀಖು ಜೂನ್ 4 ಎಂದು ಕಂಡರೆ ಗೊಂದಲ ಬೇಡ, ಆಗ ಇಂಗ್ಲೆಂಡ್ ಹಳೆಯ ಪಂಚಾಂಗವನ್ನೇ ಹಿಡಿದಿದ್ದರಿಂದ 10 ದಿನ ಹಿಂದಿತ್ತು.

ಮಾರ್ಕ್ವಿಸ್ ಗಾಯಗೊಂಡು ಸತ್ತ ಮೇಲೆ ಊರು ಶರಣಾಯಿತು. ಜೂನ್ 25ರ ಬೆಳಿಗ್ಗೆ ಸ್ಪೇನಿನದ್ದಾಗಿದ್ದ ಊರು ಮಧ್ಯಾಹ್ನ ಫ್ರಾನ್ಸಿನದ್ದಾಗಿ, ಸಂಜೆಗೆ ಇಂಗ್ಲೆಂಡಿನದ್ದಾಯಿತು. ಇಷ್ಟಾಗಿಯೂ ದಾಳಿಹಡಗುಗಳ ವ್ಯಾಪಾರ ಸಾಯಲಿಲ್ಲ. ಒಡೆಯರು, ನಾವಿಕರು ಪಕ್ಕದ ಆಸ್ಟೆಂಡ್‌ನಂಥ ಬಂದರುಗಳಿಗೆ ಹೋಗಿ ಅಲ್ಲಿಂದ ಹೊರಡತೊಡಗಿದರು. 1646ರಲ್ಲಿ ಫ್ರಾನ್ಸ್ ಈ ಊರನ್ನು ಗೆದ್ದಾಗಲೂ ಇದೇ ಆಗಿತ್ತು. 1662ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಡಂಕರ್ಕನ್ನು ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಗೆ 50 ಲಕ್ಷ ಲಿವ್ರ್‌ಗೆ (ಆಗಿನ ಫ್ರೆಂಚ್ ಹಣ) ಮಾರಿದ. ಕಾಯುವ ಖರ್ಚೇ ಹೊರೆಯಾಗಿತ್ತು ಎಂಬುದು ನಿಜ, ಆದರೆ ಇಂಗ್ಲಿಷ್ ವರ್ತಕರು ಮುಂದೆ ಐವತ್ತು ವರ್ಷ ಆ ಮಾರಾಟದ ಬೆಲೆ ತೆತ್ತರು.

ಸಮುದ್ರ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1652 ಸಾಕ್ಷಿ. ಆಗ ಡಂಕರ್ಕ್ ಫ್ರಾನ್ಸಿನದ್ದು, ಮುತ್ತಿಗೆ ಸ್ಪೇನಿನದ್ದು. ಊರಿಗೆ ಕುಮ್ಮಕು ತರುತ್ತಿದ್ದ ಫ್ರೆಂಚ್ ಹಡಗುಗಳನ್ನು ಇಂಗ್ಲಿಷ್ ನೌಕಾಧಿಪತಿ ಬ್ಲೇಕ್ ಕ್ಯಾಲೆ ಬಳಿ ಹಿಡಿದುಹಾಕಿದ. ಇಂಗ್ಲೆಂಡ್‌ಗೂ ಫ್ರಾನ್ಸಿಗೂ ಯುದ್ಧವೇ ಘೋಷಣೆಯಾಗಿರಲಿಲ್ಲ. ಫ್ರೆಂಚ್ ದಾಳಿಹಡಗುಗಳಿಂದಾದ ನಷ್ಟಕ್ಕೆ ಪ್ರತೀಕಾರ ಎಂಬುದು ಕೊಟ್ಟ ಕಾರಣ. ಕುಮ್ಮಕು ತಪ್ಪಿದ ಎರಡೇ ದಿನಕ್ಕೆ, ಸೆಪ್ಟೆಂಬರ್ 16ರಂದು, ಊರು ಸ್ಪೇನಿಗೆ ಶರಣಾಯಿತು.

ಲೂಯಿಯ ಎಂಜಿನಿಯರ್ ವೊಬಾನ್ ಕೈಗೆ ಬಂದ ಮೇಲೆ ಬಂದರಿನ ರೂಪವೇ ಬದಲಾಯಿತು. ತಗ್ಗಾದ ದಪ್ಪ ಗೋಡೆ, ಚೂಪು ಮೂಲೆಯ ಕೊತ್ತಲಗಳನ್ನು ಆತ ಎಲ್ಲೆಡೆ ಕಟ್ಟಿದ. ಇಲ್ಲಿ ವಿಶೇಷ ಬೇರೆ. 1670ರ ದಶಕದಲ್ಲಿ ಬಂದರಿನ ಮುಂದಿನ ಮರಳ ದಿಣ್ಣೆಯನ್ನೇ ಸೀಳಿ ಕಾಲುವೆ ತೆಗೆದ, ಅದರ ಎರಡೂ ಪಕ್ಕ ಮರದ ಚೌಕಟ್ಟಿಗೆ ಕಡ್ಡಿಕಟ್ಟು, ಕಲ್ಲು ತುಂಬಿ ಸಮುದ್ರದೊಳಕ್ಕೆ ಸುಮಾರು 2 ಕಿಲೋಮೀಟರ್ ಉದ್ದದ ಜೋಡಿ ಒಡ್ಡು ಕಟ್ಟಿಸಿದ, ತುದಿಗಳಲ್ಲಿ ಗೂಟಗಳ ಮೇಲೆ ಮರದ ಕೋಟೆ ನಿಲ್ಲಿಸಿದ, ನಡುವೆ ರಿಸ್ಬಾನ್ ಎಂಬ ಕಲ್ಲಿನ ಕೋಟೆ ಎಬ್ಬಿಸಿದ. ಆದರೆ ಮರಳಿನ ಕರಾವಳಿಯಲ್ಲಿ ತೋಡಿದ ಕಾಲುವೆ ಒಂದೆರಡು ಚಳಿಗಾಲದಲ್ಲಿ ಹೂಳು ತುಂಬಿ ಮುಚ್ಚಿಹೋಗುತ್ತದೆ. ಅದನ್ನು ತೆರೆದಿಟ್ಟದ್ದು ಅದೇ ತೂಬು. ಉಬ್ಬರದ ನೀರನ್ನೂ ಒಳನಾಡಿನ ಕಾಲುವೆಗಳ ನೀರನ್ನೂ ಬಾಗಿಲು ಹಾಕಿ ಹಿಡಿದಿಟ್ಟು, ಪೂರ್ತಿ ಇಳಿತವಾದಾಗ ಒಮ್ಮೆಲೇ ಬಿಟ್ಟರೆ, ಆ ರಭಸಕ್ಕೆ ಜೋಡಿ ಒಡ್ಡುಗಳ ನಡುವಿನ ಹೂಳೆಲ್ಲ ಸಮುದ್ರಕ್ಕೆ ಕೊಚ್ಚಿಹೋಗುತ್ತದೆ. ಅರ್ಧ ಇಳಿತದಲ್ಲೇ ಬಿಟ್ಟರೆ ಎದುರಿನ ನೀರಿಗೆ ರಭಸ ಸತ್ತು ಹೂಳು ಅಲ್ಲಲ್ಲೇ ಕೂರುತ್ತದೆ. ಹೊಲ ಬಸಿಯುವುದು, ಹೂಳು ತೆಗೆಯುವುದು, ಮುತ್ತಿಗೆಯಲ್ಲಿ ಬಯಲು ಮುಳುಗಿಸುವುದು, ಮೂರು ಕೆಲಸಕ್ಕೂ ತೂಬುಗಳೇ ಆಧಾರ. ವೊಬಾನ್‌ನ ಕೆಲಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ.

1694 ಮತ್ತು 1695ರಲ್ಲಿ ಇಂಗ್ಲಿಷ್, ಡಚ್ ಹಡಗುಗಳು ಮದ್ದು ತುಂಬಿದ ಸ್ಫೋಟದ ಹಡಗುಗಳನ್ನು ಹಿಡಿದುಕೊಂಡು ಬಂದವು. ಒಡ್ಡಿನ ತುದಿಯ ಕೋಟೆಗಳು ಅವನ್ನು ಊರಿನ ಹತ್ತಿರ ಸುಳಿಯಲೂ ಬಿಡಲಿಲ್ಲ, ಎರಡೂ ಪ್ರಯತ್ನ ಕೈಗೂಡಲಿಲ್ಲ.

ಫ್ರಾನ್ಸಿನ ಕೈಕೆಳಗೆ ಹಡಗುದಾಳಿ ಹೇಗೆ ನಡೆಯುತ್ತಿತ್ತು ಎಂಬುದನ್ನು 1681ರ ನೌಕಾ ಕಟ್ಟಳೆಯಲ್ಲಿ ನೋಡಬಹುದು. ಹಡಗಿನ ಒಡೆಯ 15,000 ಲಿವ್ರ್ ಜಾಮೀನು ಕಟ್ಟಬೇಕು, ಕಪ್ತಾನ ನಿಯಮ ಮೀರಿದರೆ ನಷ್ಟ ತುಂಬಿಕೊಡುವುದು ಅದರಿಂದ. ಶತ್ರುಹಡಗು ಸಿಕ್ಕಿದೊಡನೆ ಕಾಗದಪತ್ರ ವಶಕ್ಕೆ ತೆಗೆದುಕೊಂಡು, ಸರಕಿನ ಕೋಣೆ, ಪೆಟ್ಟಿಗೆಗಳಿಗೆ ಬೀಗ ಹಾಕಿ, ತಾನು ಹೊರಟ ಬಂದರಿಗೇ ತರಬೇಕು. ನೌಕಾ ನ್ಯಾಯಾಧಿಕಾರಿಗಳು ಹಡಗು ಹತ್ತಿ ಪಟ್ಟಿ ಮಾಡಿ, ಸೆರೆಸಿಕ್ಕ ನಾವಿಕರ ಹೇಳಿಕೆ ಬರೆದುಕೊಳ್ಳುತ್ತಾರೆ. ಹಿಡಿದದ್ದು ನ್ಯಾಯ ಎಂದು ತೀರ್ಪಾದ ಮೇಲಷ್ಟೇ ಹರಾಜು. ಬಂದ ಹಣದಲ್ಲಿ ಹತ್ತನೇ ಒಂದು ಪಾಲು ಅಡ್ಮಿರಲ್‌ಗೆ. ಬೇರೆ ಕರಾರಿಲ್ಲದಿದ್ದರೆ ಉಳಿದದ್ದರಲ್ಲಿ ಮೂರನೇ ಎರಡು ಭಾಗ ಬಂಡವಾಳ ಹಾಕಿದವರಿಗೆ, ಮೂರನೇ ಒಂದು ಭಾಗ ಹಡಗಿನವರಿಗೆ. ಎರಡು ರಾಜರ ಪರವಾನಗಿ ಇಟ್ಟುಕೊಂಡವನಿಗೆ ಕಡಲ್ಗಳ್ಳನ ಶಿಕ್ಷೆ. ಕೈಗೆ ಬಂದದ್ದು ಕೈತಪ್ಪುತ್ತಿದ್ದುದು ಸಾಮಾನ್ಯವಾಗಿ ಇಂಥ ಕಡೆಯಲ್ಲೇ: ಬೀಗ ಬೀಳುವ ಮೊದಲೇ ನಾವಿಕರು ಸರಕಿಗೆ ಕೈಹಾಕುವುದು, ಎದುರಾಳಿ ಕಾಗದಗಳನ್ನು ನೀರಿಗೆಸೆದುಬಿಡುವುದು, ಹಿಡಿದ ಹಡಗನ್ನು ನಡೆಸಲು ತನ್ನ ಜನರನ್ನೇ ಒಂದೊಂದಾಗಿ ಕಳುಹಿಸಿ ಕೊನೆಗೆ ತನ್ನ ಹಡಗಿನಲ್ಲೇ ಕಾದಾಡಲು ಜನ ಸಾಲದಾಗುವುದು. ಇದನ್ನು ತಪ್ಪಿಸಲು ಕೆಲವರು ಹಡಗನ್ನು ಬಿಟ್ಟು, ಒತ್ತೆಯಾಳೊಬ್ಬನನ್ನು ಮತ್ತು ಬಿಡುಗಡೆ ಹಣದ ಪತ್ರವನ್ನು ಮಾತ್ರ ತರುತ್ತಿದ್ದರು.

ಡಂಕರ್ಕ್‌ನವನೇ ಆದ ಝಾನ್ ಬಾರ್ ಈ ದಂಧೆಯಿಂದಲೇ ಮೇಲೆ ಬಂದವನು. ಆದರೆ ಅವನ ಹೆಸರಾಂತ ಗೆಲುವಾದ 1694ರ ಜೂನ್ 29ರ ಟೆಕ್ಸೆಲ್ ಕಾದಾಟ, ಡಚ್ಚರು ಹಿಡಿದಿದ್ದ ಧಾನ್ಯದ ಹಡಗುಗಳನ್ನು ಬಿಡಿಸಿ ತಂದದ್ದು, ರಾಜನ ನೌಕಾಪಡೆಯ ಅಧಿಕಾರಿಯಾಗಿ ಮಾಡಿದ ಕೆಲಸ. ಅದನ್ನು ಖಾಸಗಿ ದಾಳಿಯ ಲೆಕ್ಕಕ್ಕೆ ಸೇರಿಸುವುದು ತಪ್ಪು.

ಈಗ ನಿಮ್ಮ ಎರಡನೇ ಪ್ರಶ್ನೆ. ಫ್ರಾನ್ಸ್ ಜತೆಗಿನ ಯುದ್ಧ ಮುಗಿಸಿದ 1713ರ ಯುಟ್ರೆಕ್ಟ್ ಒಪ್ಪಂದದ 9ನೇ ಕಲಮಿನಲ್ಲಿ ಇಂಗ್ಲೆಂಡ್ ಕೇಳಿದ್ದು ಗೋಡೆ ಕೆಡವುವುದನ್ನಷ್ಟೇ ಅಲ್ಲ. ಬಂದರನ್ನು ತುಂಬಬೇಕು, ಹೂಳು ಕೊಚ್ಚುವ ತೂಬುಗಳನ್ನು ನಾಶಮಾಡಬೇಕು, ಎಲ್ಲವೂ ಫ್ರಾನ್ಸಿನ ಖರ್ಚಿನಲ್ಲಿ. ಕಲಮು ಬರೆದವರಿಗೆ ಬಂದರಿನ ಜೀವ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ತೂಬು ಮುಚ್ಚಿ ಕಾಲುವೆಯ ಬಾಯಿಗೆ ಒಡ್ಡು ಹಾಕಿದರೆ ಹಿಂದಿನ ಬಯಲಿನ ನೀರು ಹೋಗಲು ದಾರಿ ಇಲ್ಲ, ಊರೂರೇ ಮುಳುಗುತ್ತದೆ. ಲೂಯಿ ಇದನ್ನೇ ಮುಂದಿಟ್ಟು 1714ರಲ್ಲಿ ಪಕ್ಕದ ಮಾರ್ಡಿಕ್‌ಗೆ ಹೊಸ ಕಾಲುವೆ ತೋಡಿಸಿದ. ನೀರು ಬಸಿಯಲು ಎಂದು ಹೇಳಿದ ಆ ಕಾಲುವೆಯ ದೊಡ್ಡ ತೂಬು 44 ಅಡಿ ಅಗಲ, ಯುದ್ಧನೌಕೆ ಸಲೀಸಾಗಿ ಹಾಯುವಷ್ಟು. ಇಂಗ್ಲೆಂಡ್ ಕೂಗೆಬ್ಬಿಸಿ, 1717ರ ಒಪ್ಪಂದದಲ್ಲಿ ಅದನ್ನು ಕೆಡವಿಸಿ, ಚಿಕ್ಕ ತೂಬನ್ನು 16 ಅಡಿಗೆ ಇಳಿಸಿತು. ನೀರು ಹೋಗಲಿ, ಹಡಗು ಹೋಗದಿರಲಿ ಎಂಬ ಲೆಕ್ಕ. 1720ರ ಕೊನೆಯ ದಿನದ ಬಿರುಗಾಳಿಗೆ ಡಂಕರ್ಕ್‌ನ ಹಳೆಯ ಕಾಲುವೆಗೆ ಹಾಕಿದ್ದ ಒಡ್ಡೇ ಒಡೆದು, ಬಂದರು ತಾನಾಗಿ ತೆರೆದುಕೊಂಡಿತು. ಅಲ್ಲಿಂದ ಮುಂದೆ ಯುದ್ಧ ಬಂದಾಗೆಲ್ಲ ಫ್ರಾನ್ಸ್ ಸದ್ದಿಲ್ಲದೆ ರಿಪೇರಿ ಮಾಡುವುದು, ಶಾಂತಿ ಬಂದಾಗೆಲ್ಲ ಇಂಗ್ಲೆಂಡ್ ಕೆಡವಿಸುವ ಕಲಮನ್ನು ಮತ್ತೆ ಸೇರಿಸುವುದು. 1748, 1763ರ ಎರಡೂ ಒಪ್ಪಂದಗಳಲ್ಲಿ ಅದು ಇದೆ.

ಆ ಕಲಮು ಕೊನೆಗೂ ರದ್ದಾದದ್ದು 1783ರ ವರ್ಸೇಲ್ಸ್ ಒಪ್ಪಂದದಲ್ಲಿ. ನಮ್ಮ ಕರಾವಳಿಗೂ ಆ ಶಾಂತಿಯ ಬಿಸಿ ತಟ್ಟಿತ್ತು. ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ ಟಿಪ್ಪುವಿನ ಜತೆಗಿದ್ದ ಫ್ರೆಂಚ್ ತುಕಡಿ, ಯುರೋಪಿನಲ್ಲಿ ಕದನವಿರಾಮವಾದ ಸುದ್ದಿ ತಲುಪಿದೊಡನೆ ಕೆಲಸ ನಿಲ್ಲಿಸಿತು. ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿ, 1784ರ ಜನವರಿಯಲ್ಲಿ ಹಸಿವಿನಿಂದ ಕೋಟೆಯನ್ನು ಶರಣಾಗಿಸಬೇಕಾಯಿತು.

ಈ ಕಥೆಯ ಕೊನೆಯ ದೊಡ್ಡ ಪರೀಕ್ಷೆ 1793ರ ಆಗಸ್ಟ್‌ನದು. ಕ್ರಾಂತಿಯ ಫ್ರಾನ್ಸ್ ವಿರುದ್ಧ ಯುದ್ಧಕ್ಕೆ ಬಂದ ಇಂಗ್ಲಿಷ್ ಸೇನಾಪತಿ ಯಾರ್ಕ್‌ನ ಡ್ಯೂಕ್ ಪೂರ್ವದ ಅದೇ ಮರಳಪಟ್ಟಿಯಲ್ಲಿ ಬಂದು ನಿಂತ. ಅವನ ಮುತ್ತಿಗೆ ಫಿರಂಗಿಗಳೂ ನೌಕಾಪಡೆಯೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಫ್ರೆಂಚರು ತೂಬು ತೆರೆದರು, ಕಂದಕಗಳಿಗೆ ನೀರು ಏರಿತು, ಕುಡಿಯುವ ನೀರು ಕೆಟ್ಟಿತು. 1658ರಲ್ಲಿ ಯಾವ ತೀರದಿಂದ ಇಂಗ್ಲಿಷ್ ಹಡಗುಗಳು ಸ್ಪೇನಿನ ಮಗ್ಗುಲಿಗೆ ಗುಂಡು ಹಾರಿಸಿದ್ದವೋ, ಅಲ್ಲೇ ಈಗ ಫ್ರೆಂಚ್ ಫಿರಂಗಿದೋಣಿಗಳು ಇಂಗ್ಲಿಷ್ ಪಾಳೆಯಕ್ಕೆ ಹೊಡೆಯತೊಡಗಿದವು. ಸೆಪ್ಟೆಂಬರ್ 8ರಂದು ಅವನಿಗೆ ಬೆಂಬಲವಾಗಿದ್ದ ಸೈನ್ಯ ಹತ್ತಿರದ ಹೊಂಡ್‌ಸ್ಕೋಟ್‌ನಲ್ಲಿ ಸೋತಿತು. ಆ ರಾತ್ರಿಯೇ ಡ್ಯೂಕ್ ಭಾರಿ ಫಿರಂಗಿಗಳನ್ನು ಬಿಟ್ಟು ಹಿಂದೆ ಸರಿದ.